ನಲವತ್ತನಾಲ್ಕನೇ ಸಾಲು

ರೂವಿಯ ಹೊಲಿಗೆ ಅಂಗಡಿ, ಇಶಾ ನಮಾಜು ಮುಗಿದ ಹೊತ್ತು.
ಐತಪ್ಪಣ್ಣ ಕತ್ತರಿ ಕೆಳಗಿಡದೆ ಕೇಳಿದರು:
"ಇದನ್ನೆಲ್ಲ ಬರೆದು ಎಂತ ಮಾಡ್ತಿ ಮಗಾ?"

ಪ್ರಬಂಧ, ಅಂದೆ. ಅರ್ಥಶಾಸ್ತ್ರ, ಕೊನೆಯ ವರ್ಷ.
ಚೀಟಿ ಯಾಕೆ ಹಾಕ್ತೀರಿ, ಬ್ಯಾಂಕು ಎದುರಿಗೇ ಇರುವಾಗ?
ನಕ್ಕರು. ತುಟಿ ನಡುವೆ ಗುಂಡುಸೂಜಿ ಇತ್ತು,
ನಗು ಅರ್ಧಕ್ಕೇ ನಿಂತಿತು.

ನಲವತ್ತಮೂರು ಜನ, ಹದಿನೆಂಟು ಪ್ರಶ್ನೆ.
ಮೊದಲ ಅಧ್ಯಾಯಕ್ಕೆ ಬುಥೈನಾ ಮೇಡಂ ಕೆಂಪು ಗೆರೆ ಎಳೆದಿದ್ದರು:
'ಬಡವರು' ಅಂದರೆ ಎಷ್ಟು ರಿಯಾಲು? ಅಳೆದು ಬಾ.
ಅಳೆಯಲು ಹೊರಟವಳು ನಾನು, ಗುಂಪಿನ ನಾಯಕಿ ಬೇರೆ.
ಹಿಲಾಲ್ ತಡವಾಗಿ ಬಂದರೆ ರೇಗುತ್ತಿದ್ದೆ, ಎಲ್ಲರೆದುರು.
ಅವನೋ, ಕ್ಯಾಂಪಿನಲ್ಲಿ ಮಂಚದ ತುದಿಗೆ ಕೂತು
ಯಾರದೋ ಹೆಂಡತಿಯ ಆಪರೇಷನ್ನಿನ ಕಥೆ
ಪೂರ್ತಿ ಕೇಳಿ ಬರುತ್ತಿದ್ದ.
ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.
ಹತ್ತೊಂಬತ್ತನೇ ಪ್ರಶ್ನೆ ಹಾಗೆ ಹುಟ್ಟಿತು;
ಅವನ ಕ್ಷಮೆ ಕೇಳಲು ಇನ್ನೊಂದು ವಾರ ಹಿಡಿಯಿತು.

"ಬರ್ಕೊ," ಅಂದರು ಐತಪ್ಪಣ್ಣ, ಸೂಜಿ ತೆಗೆದು,
"ಎರಡು ವರ್ಷದ ಹಿಂದೆ, ಸೆಪ್ಟೆಂಬರು.
ನನ್ನ ಸರದಿಯ ಚೀಟಿ ಬೇರೆಯವರಿಗೆ ಬಿಟ್ಟುಕೊಟ್ಟೆ.
ಕಾರಣ ಅಂತ ಕೇಳಿದ್ದೀಯಲ್ಲ?
ಒಬ್ಬ ಎ.ಸಿ. ಮೆಕ್ಯಾನಿಕ್ಕು. ಮಗಳ ಕಾಲೇಜು ಫೀಸು."

ಟೇಪು ಕೊರಳಿಗೆ ಹಾಕಿಕೊಂಡು ಮತ್ತೆ ಬಟ್ಟೆಗೆ ಬಾಗಿದರು.
ನನ್ನ ಮುಖ ನೋಡಲಿಲ್ಲ.
ಆ ಸೆಪ್ಟೆಂಬರಿನ ರಸೀದಿ
ಇದೇ ಫೈಲಿನ ಹಿಂದಿನ ಜೇಬಿನಲ್ಲಿದೆ.

ಮೇಡಂ, ಹೊರಗೆ ನಿಂತು ನೋಡಬೇಕು ಅಂದಿದ್ದಿರಿ.
ಹಾಳೆಯಲ್ಲಿ ನಲವತ್ತನಾಲ್ಕನೇ ಸಾಲು ತೆರೆದಿದ್ದೇನೆ.
ಹೆಸರು ಖಾಲಿ ಬಿಡುವುದು ನಿಯಮ.
ವೃತ್ತಿ: ವಿದ್ಯಾರ್ಥಿನಿ.
ಅಪ್ಪನ ಬೂಟಿನ ಸದ್ದು ಮೆಟ್ಟಿಲಲ್ಲಿ.
ಬಾಕಿ: