ನಾಲ್ಕನೆಯ ಫೈಲು

ಸಮಿತಿಯಲ್ಲಿ ಮೂವರು. ನಾನು ಲೆಕ್ಕಕ್ಕಿಲ್ಲ.
ಫೈಲು ಜೋಡಿಸುತ್ತೇನೆ, ಚಹಾ ಹೇಳುತ್ತೇನೆ,
ಕೊನೆಗೆ ನಡವಳಿ ಬರೆಯುತ್ತೇನೆ:
ಮನಸ್ಸಿನೊಳಗೆ ಕನ್ನಡದಲ್ಲಿ, ಕಾಗದದ ಮೇಲೆ ಮಲಯಾಳದಲ್ಲಿ.

ತೀರಿಹೋದ ಗಣಿತದ ಮಾಷ್ಟ್ರ ಹೆಸರಿನ ಇಡುಗಂಟು.
ಹಿಂದೆ ಬಡ್ಡಿ ಇಬ್ಬರಿಗೆ ಸಾಕಾಗುತ್ತಿತ್ತು.
ಬ್ಯಾಂಕಿನವರು ದರ ಇಳಿಸಿದರು, ಈಗ ಒಬ್ಬರಿಗೆ.
ಅರ್ಜಿ ಹದಿನಾಲ್ಕು.

ಶುರುವಾಗುವುದು ರೇಷನ್ ಕಾರ್ಡಿನ ಬಣ್ಣದಿಂದ.
ಹಳದಿ ಇತ್ತ, ಗುಲಾಬಿ ಅತ್ತ, ನೀಲಿ ಆಮೇಲೆ ನೋಡುವಾ.
ಬಿಳಿಯನ್ನು ಯಾರೂ ಬಿಡಿಸುವುದೇ ಇಲ್ಲ.

ಬೇಕೂರಿನ ಧನುಷಾಳದ್ದು ಬಿಳಿ.
ಕಾರ್ಡಿನಲ್ಲಿ ಒಂಬತ್ತು ಹೆಸರು, ಒಂದು ಕಾರು.
ಕಾರು ದೊಡ್ಡಪ್ಪನದ್ದು.
ಕಾರ್ಡು ಒಂದೇ, ಒಲೆ ಎರಡು;
ಒಲೆಯನ್ನು ಬರೆಯಲು ಅರ್ಜಿಯಲ್ಲಿ ಕಾಲಂ ಇಲ್ಲ.
ವಿಲ್ಲೇಜ್ ಆಫೀಸಿನ ವರಮಾನ ಪತ್ರದಲ್ಲಿ ಒಂದು ದೀರ್ಘ ಬಿದ್ದುಹೋಗಿ
ಅವಳು ಧನುಷ ಆಗಿದ್ದಾಳೆ, ಮಗಳು ಮಗನಾಗಿದ್ದಾಳೆ.
ಆ ಲಿಪಿಗೆ ದಾಟುವಾಗ ನಮ್ಮ ಹೆಸರುಗಳು
ಏನಾದರೊಂದನ್ನು ದಾರಿಯಲ್ಲಿ ಬಿಟ್ಟು ಬರುತ್ತವೆ.
ಹಾಜರಿಯೂ ಕಡಿಮೆ: ಮಂಗಳವಾರ, ಶುಕ್ರವಾರ
ತಾಯಿ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ಯುವುದು ಅವಳೇ.
ಇದು ನನಗೆ ಗೊತ್ತು, ಸಮಿತಿಗಲ್ಲ.
ಅರ್ಜಿಯ ಮಡಿಕೆಯಲ್ಲಿ ಹೊಗೆಸೊಪ್ಪಿನ ಪುಡಿ ಇತ್ತು.
ನಾನು ಕೊಡವಲಿಲ್ಲ.

ಇಪ್ಪತ್ತೊಂದು ವರ್ಷದಿಂದ ನೋಡುತ್ತಿದ್ದೇನೆ.
ಮೊದಲ ಫೈಲಿಗೆ ಅವರು ನ್ಯಾಯಾಧೀಶರು.
ಎರಡನೆಯದಕ್ಕೆ, ಮೂರನೆಯದಕ್ಕೆ ಕನ್ನಡಕ ಒರೆಸುತ್ತಾರೆ.
ನಾಲ್ಕರ ಹೊತ್ತಿಗೆ ಗೋಳಿಬಜೆ ಬರುತ್ತದೆ, ಬಿಸಿ ಇರುತ್ತದೆ,
ಸ್ವಲ್ಪ ಹೊತ್ತು ಅವರಿಗೆ ತಮ್ಮ ತಾಯಿಯ ನೆನಪಾಗುತ್ತದೆ.
ಹತ್ತು ದಾಟಿತೋ, ತಲಪಾಡಿಯ ಬಸ್ಸು ಕಿವಿಯೊಳಗೇ ಹಾರ್ನ್ ಹಾಕುತ್ತದೆ.

ಧನುಷಾಳನ್ನು ನಾಲ್ಕನೆಯದಾಗಿ ಇಟ್ಟೆ.
ಬಿಳಿ ಕಾರ್ಡಿನ ಪ್ರತಿಯನ್ನು ಕಿತ್ತು
ಎಲ್ಲದರ ಕೆಳಗೆ ಪಿನ್ ಮಾಡಿದೆ.
ನನಗಿರುವ ಮತ ಇಷ್ಟೇ, ಗುಂಡುಸೂಜಿಯಷ್ಟು.

ಓದಿದರು. ನಿಧಾನವಾಗಿಯೇ ಓದಿದರು.
"ಹುಡುಗನೋ ಹುಡುಗಿಯೋ?" ಎಂದರು, ನಕ್ಕರು.
"ಪಾಪ" ಎಂದರು ಸಸ್ಯಶಾಸ್ತ್ರದ ಮೇಡಂ.
ಆಮೇಲೆ ಐದನೆಯದು.

ಸಿಕ್ಕಿದ್ದು ಹನ್ನೊಂದನೆಯದಕ್ಕೆ,
ವರ್ಕಾಡಿಯ ಮೆಲ್ರಿಕ್ ಮೊಂತೇರೊಗೆ.
ನಾನೇ ಕೆಳಗೆ ತಳ್ಳಿದ್ದೆ ಅವನನ್ನು:
ಇಸ್ತ್ರಿಯ ಅಂಗಿ, ಪಾಲಿಶಿನ ಬೂಟು, ಇವನಿಗ್ಯಾಕೆ ಎಂದು.
ತಂದೆಯ ಉದ್ಯೋಗ ಎಂಬಲ್ಲಿ ಬರೆದಿದ್ದ:
"ಮಲಗಿದ್ದಾರೆ, ಆರು ವರ್ಷ."
ಬಸ್ಸು ತಪ್ಪಿಸಿಕೊಂಡರು ಮೂವರೂ.

ಸಹಿ ಹಾಕಲು ಬಂದಾಗ ನೋಡಿದೆ.
ಬೂಟು ಕಾಲಿಗಿಂತ ಎರಡು ಸೈಜು ದೊಡ್ಡದು,
ನಡೆದರೆ ಒಳಗೆ ಕಾಗದದ ಸದ್ದು.

ಮರುದಿನ ಕಿಟಕಿಯಲ್ಲಿ ಧನುಷಾ.
ಯಾರಿಗೆ ಎಂದು ಕೇಳಲಿಲ್ಲ.
"ಅರ್ಜಿ ವಾಪಸು ಸಿಗಬಹುದಾ ಮೇಡಂ?
ಜೆರಾಕ್ಸಿಗೆ ನಲವತ್ತೆರಡು ರೂಪಾಯಿ ಆಗಿದೆ,
ಇನ್ನೊಂದು ಕಡೆ ಹಾಕಲಿಕ್ಕಿತ್ತು."
ವಾಪಸು ಕೊಡುವ ಕ್ರಮ ಇಲ್ಲ.
ಪಿನ್ ತೆಗೆದೆ. ಕೊಟ್ಟೆ.
ಕಾರ್ಡಿನ ಪ್ರತಿ ಕೆಳಗೆ ಇರುವುದನ್ನು ನೋಡಿದಳು,
ನನ್ನನ್ನು ನೋಡಿದಳು,
ತೆಗೆದು ಮೊದಲಿದ್ದಲ್ಲೇ ಇಟ್ಟುಕೊಂಡಳು.

ಕಪಾಟಿನಲ್ಲಿ ಈಗ ಅರ್ಜಿ ಹದಿಮೂರು,
ನಡವಳಿಯಲ್ಲಿ ಹದಿನಾಲ್ಕು.
ಆಡಿಟಿನವರು ಕೇಳಿದರೆ ತೋರಿಸಲು
ಮೇಜಿನ ಗಾಜಿನ ಮೇಲೆ ಚಿಟಿಕೆ ಹೊಗೆಸೊಪ್ಪು.
ಬೆಳಿಗ್ಗೆ ಒರೆಸುವವಳು ಬರುವ ತನಕ.