ಷರಾ

ಅರಸೀಕೆರೆ ನಗರಸಭೆ, ಲೆಕ್ಕಪತ್ರ ಶಾಖೆ,
ಕಿಟಕಿ ಪಕ್ಕದ ಮೇಜು ನನ್ನದು.
ಆ ಏಪ್ರಿಲ್‌ನಲ್ಲಿ ಜಂಕ್ಷನ್ನಿಗೆ ಒಂದೂ ರೈಲು ಬರದೆ
ಊರಿಗೆ ಗಂಟೆ ಎಷ್ಟೆಂದೇ ಗೊತ್ತಾಗುತ್ತಿರಲಿಲ್ಲ.

ಫ್ಲೆಕ್ಸ್ ಅಂಗಡಿಗಳಿಗೆ ಬೀಗ. ಹಾಗಾಗಿ
ಹನ್ನೆರಡು ವರ್ಷದಿಂದ ಯಾರೂ ಕರೆಯದ
ಪೇಂಟರ್ ದಸ್ತಗೀರನನ್ನು ಕರೆಸಿದೆವು.
ಕೊಬ್ಬರಿ ಮಂಡಿಗಳ ಬೋರ್ಡು, ಲಾರಿಗಳ ಬೆನ್ನು,
ಎಲ್ಲ ಬರೆದ ಕೈ.
ಆದೇಶ: ಹಾಲಿನ ಬೂತು, ರೇಷನ್ ಡಿಪೋ, ಔಷಧಿ ಅಂಗಡಿ ಮುಂದೆ
ಮೂರಡಿಗೊಂದು ವೃತ್ತ, ಬಿಳಿ,
ಒಂದಕ್ಕೆ ಹದಿನೈದು ರೂಪಾಯಿ, ಬಣ್ಣ ಸೇರಿ.

ನಾಲ್ಕು ರಾತ್ರಿ. ನೂರಾನಲವತ್ತು ವೃತ್ತ.
ಮನೆಯ ಹಳೇ ಡಬ್ಬಿಗಳ ತಳ ಕೆರೆದು
ಪ್ರತಿಯೊಂದರೊಳಗೂ
ಒಂದು ಬಾಯಿ.

ಎಲೆಯಡಿಕೆ ಕೆಂಪಿನದು ಮಂಡಿ ಕರಿಬಸಪ್ಪನದೆಂದು
ಮಕ್ಕಳೂ ಹೇಳಿದವು.
ಎರಡು ಬೆರಳಿಟ್ಟು ಸಿಳ್ಳೆ ಹೊಡೆಯುವುದು ಕಂಡಕ್ಟರ್ ಚಂದ್ರೇಗೌಡ.
ಮುಂದಿನೆರಡು ಹಲ್ಲಿಲ್ಲದೆಯೂ ಬೈಯುತ್ತಿರುವುದು ಹೂವಿನ ಪುಟ್ಟನಂಜಿ.
ನನ್ನ ಬಾಯಿ ನಾನೇ ಹೆಂಗ್ ತುಳೀಲಿ ಅಂತ
ಅವಳು ಪಕ್ಕದ ವೃತ್ತಕ್ಕೆ ಜಿಗಿದರೆ
ಅಲ್ಲಿದ್ದದ್ದು ಅವಳ ಸೊಸೆಯದು.
ಸಾಲಿಗೆ ಸಾಲೇ ನಕ್ಕಿತು,
ಬಟ್ಟೆಯೊಳಗಿನ ನಗು, ಕಣ್ಣಿನವರೆಗಷ್ಟೇ ಬಂದದ್ದು.

ಔಷಧಿ ಅಂಗಡಿ ಮುಂದಿನ ಏಳನೆಯದು
ಪೆನ್ನಿನ ಕ್ಯಾಪು ಕಚ್ಚಿಕೊಂಡ, ಗೆರೆಯಂಥ ಬಾಯಿ.
ಅದನ್ನು ದಾಟಿ ಎಂಟನೆಯದರಲ್ಲಿ ನಿಂತೆ.

ಬಿಲ್ಲು ಬಂತು. ಬರೆದೆ ಷರಾ:
‘ಅಂದಾಜುಪಟ್ಟಿಯಲ್ಲಿ ವೃತ್ತ ಮಾತ್ರ ಇರುತ್ತದೆ.
ಬಾಯಿ ಇರುವುದಿಲ್ಲ.
ವಿವರಣೆ ಪಡೆದು ಮಂಡಿಸುವುದು.’
ಕೆಂಪು ಶಾಯಿ. ಅಕ್ಷರ ದುಂಡಗೆ ಬಂದಿತ್ತು.
ಕಡತದ ಮೇಲೆ ಫಿನೈಲಿನ ಕಡತ, ಗ್ಲೌಸಿನ ಕಡತ,
ಬ್ಲೀಚಿಂಗ್ ಪೌಡರಿನವು ನಾಲ್ಕು.

ಮರುವರ್ಷ ಮೇ ತಿಂಗಳು
ಅಕ್ಕ ವನಜಾಕ್ಷಿ ಹಾಸನದ ಆಸ್ಪತ್ರೆಯಿಂದ
ಜಿಪ್ಪು ಹಾಕಿಸಿಕೊಂಡು ಬಂದಳು.
ತೆಗೆಯಬಾರದು ಎಂದರು. ತೆಗೆಯಲಿಲ್ಲ.
ನಿಯಮ ಗೊತ್ತಿರುವವನು ನಾನು.

ಆ ರಾತ್ರಿ ಟಾರ್ಚು ಹಿಡಿದು ಹಾಲಿನ ಬೂತಿಗೆ ಹೋದೆ.
ಗೋಡೆ ಕಡೆಯಿಂದ ಮೂರನೆಯದು.
ವರ್ಷದ ಚಪ್ಪಲಿಗಳು ಕೆಳತುಟಿಯನ್ನು ಒಯ್ದಿದ್ದವು.
ಮೇಲ್ತುಟಿ ಇತ್ತು, ಅದರ ಎಡಕ್ಕೆ ಮಚ್ಚೆ.
ನಲವತ್ತೊಂಬತ್ತು ವರ್ಷ ನೋಡಿದ ಮಚ್ಚೆ, ಎಡಕ್ಕೋ ಬಲಕ್ಕೋ
ಅವತ್ತೆಲ್ಲ ನೆನಪಾಗಿರಲಿಲ್ಲ ನನಗೆ.
‘ಚಿಲ್ಲರೆ ಇಲ್ವೇನಪ್ಪಾ’ ಅನ್ನುವುದಕ್ಕೆ
ಒಂದು ಗಳಿಗೆ ಮುಂಚಿನ ಬಾಯಿ.
ಅಲ್ಲೇ ಕೂತೆ.
ಬೀಟ್ ಪೊಲೀಸಿನ ಹುಡುಗ ಬಂದು
ಏಳಿ ಸಾರ್, ಅಂದ, ಲಾಠಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು.

ಸೋಮವಾರ ಕಡತ ಹುಡುಕಿ ತೆಗೆದೆ.
‘ಸ್ಥಳ ಪರಿಶೀಲಿಸಲಾಗಿದೆ. ಬಾಯಿ ಇರುತ್ತದೆ.
ಪಾವತಿಸಬಹುದು.’

ಎರಡು ಸಾವಿರದ ನೂರು.
ರೆವಿನ್ಯೂ ಸ್ಟಾಂಪಿನಷ್ಟು ಜಾಗದಲ್ಲೂ ದಸ್ತಗೀರ
ಅಕ್ಷರಕ್ಕೆ ನೆರಳು ಕೊಟ್ಟೇ ಸಹಿ ಹಾಕಿದ.
ಅಕ್ಕನದು, ಅಂದೆ. ಮುಂದೆ ಹೋಗಲಿಲ್ಲ ಮಾತು.
ಅವನ ಮಾಸ್ಕು ಒಮ್ಮೆ ಒಳಕ್ಕೆ ಅಂಟಿ
ಮತ್ತೆ ಉಬ್ಬಿತು.

ಈಗ ಅಲ್ಲೆಲ್ಲ ಇಂಟರ್‌ಲಾಕ್ ಕಲ್ಲು.
ಆ ಬಿಲ್ಲಿಗೂ ನನ್ನದೇ ಸಹಿ.
ಕೇಳಬೇಕಿತ್ತು ಅವನನ್ನು:
ನೂರಾನಲವತ್ತರಲ್ಲಿ ನಿನ್ನದು ಎಲ್ಲಿತ್ತು,
ಯಾರು ನಿಂತಿದ್ದರು ಅದರ ಮೇಲೆ.