ಹಚ್ಚು

ಹಲ್ ಪಟ್ಟಣದ ಹೆಸ್ಸಲ್ ರಸ್ತೆ. ಮೀನಿನ ವಾಸನೆ
ಗೋಡೆಗೂ ಹತ್ತಿದ್ದ ಸಾಲುಮನೆಯ ಅಡುಗೆಕೋಣೆ.
ಎಂಬತ್ತೈದನೇ ಇಸವಿ, ನನಗೆ ಹನ್ನೊಂದು.
ಆಸ್ಪತ್ರೆಯ ಪೋರ್ಟರ್ ಕೀತ್ ಅಗ್ಗಕ್ಕೆ ಕೊಟ್ಟ ಕಂಪ್ಯೂಟರು,
ಅವನ ಮಗ ಒತ್ತೀ ಒತ್ತೀ ಅಕ್ಷರ ಅಳಿಸಿದ ಕೀಲಿಗಳು,
ಒಂದು ಟೇಪ್ ರೆಕಾರ್ಡರು, ಒಂದೇ ಒಂದು ಕ್ಯಾಸೆಟ್ಟು.

ಆಟ ಇಷ್ಟೇ: ಉದ್ದ ಕೋಲಿನ ಕುಳ್ಳ ದೀಪಗಾರ
ಚಿಮಣಿಯಿಂದ ಚಿಮಣಿಗೆ, ಸೂರಿಂದ ಸೂರಿಗೆ ಹಾರಿ
ಕಂಡ ಕಂಡ ದೀಪ ಹಚ್ಚಬೇಕು.
ಇಪ್ಪತ್ತೆರಡು ಓಣಿ, ಮೂರು ಜೀವ.
ಸತ್ತರೆ ಮತ್ತೆ ಮೊದಲನೇ ಓಣಿ, ಮತ್ತೆ ಕತ್ತಲೆ.

ಟೇಪು ಓದಿ ಮುಗಿಯಲು ಐದು ನಿಮಿಷ.
ವೈರು ಸಡಿಲ. ಕೊಂಚ ಮಿಸುಕಿದರೂ ಎಲ್ಲ ಹಾಳು.
ಶನಿವಾರ ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬಂದ ಅಮ್ಮ
ಕೋಟನ್ನೂ ಕಳಚದೆ ಸ್ಟೂಲಿನ ಮೇಲೆ ಕೂತು
ಎರಡೇ ಬೆರಳಲ್ಲಿ ಆ ವೈರನ್ನು ಹಿಡಿಯುವಳು,
ಯಾರದೋ ನಾಡಿ ನೋಡುವಂತೆ.
"ಹಿಡಕೊಂಡೇನಿ. ನೀ ಹಚ್ಚು."

ಅವಳ ಕನ್ನಡದಲ್ಲಿ ಟೇಪನ್ನೂ ಹಚ್ಚುವುದೇ,
ದೀಪವನ್ನೂ, ಗಾಯಕ್ಕೆ ಮುಲಾಮನ್ನೂ.
ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ ಪಳಗಿದ ಕೈ;
ಕೂತಲ್ಲೇ ತೂಕಡಿಸಿದರೂ ಬೆರಳು ಜಾರದು.
ಪರದೆಯಲ್ಲಿ ದೀಪಗಾರ ಮೂಡುವಷ್ಟರಲ್ಲಿ
ಅವಳು ಮೆಟ್ಟಿಲು ಹತ್ತುತ್ತಿರುವಳು.

ಅಮ್ಮ ಮಲಗಿದಳೆಂದರೆ ಟೀವಿಯ ದನಿ ಸೊನ್ನೆ.
ಬಣ್ಣ ಮೊದಲೇ ಇಲ್ಲ. ಕಪ್ಪು-ಬಿಳುಪಿನದು,
ಅದರ ಲೈಸೆನ್ಸು ಅಗ್ಗ.
ಹೀಗೆ ನನ್ನದು ಬೂದಿಯ ಊರು, ಮಾತಿಲ್ಲದ ಊರು.
ಒಂಬತ್ತನೇ ಓಣಿಯಲ್ಲಿ ಮೇಲಿಂದ ಬಿಳಿಬಿಳಿಯಾಗಿ
ಏನೋ ಉದುರುತ್ತಿತ್ತು, ತಾಗಿದರೆ ಸಾವು.
ಬೆಂಕಿಯ ಕಿಡಿ ಎಂದು ನಾನೇ ತೀರ್ಮಾನಿಸಿದ್ದೆ.
ಒಂದು, ಎರಡು, ಹಾರು.
ಒಂದು, ಎರಡು, ಹಾರು.
ಮುಂದೆ ಡ್ರೈವಿಂಗ್ ಪರೀಕ್ಷೆಯಲ್ಲಿ,
ವಕೀಲರ ಕಚೇರಿಯಲ್ಲಿ ಸಹಿ ಹಾಕಲು ಕೂತಾಗ,
ಹಾಗೇ ಎಣಿಸಿದ್ದೇನೆ, ಯಾರಿಗೂ ಕೇಳದಂತೆ.

ಹೋದ ತಿಂಗಳು ಲೀಡ್ಸಿನ ಹಳೇ ಬಟ್ಟೆಗಿರಣಿಯಲ್ಲಿ
ಮುಟ್ಟಿ ಆಡಬಹುದಾದ ಹಳೇ ಕಂಪ್ಯೂಟರುಗಳ ಪ್ರದರ್ಶನ.
ಅಮ್ಮನಿಗೆ ಹಿರಿಯರ ರಿಯಾಯಿತಿ.
ಎರಡನೇ ಮಹಡಿಯ ಕಿಟಕಿ ಪಕ್ಕ, ಅವನು.
ಕೆಂಪು ಕೋಟು! ಯಾರು ತೊಡಿಸಿದರು?
ನೇರಳೆ ಹೆಂಚು, ಹಳದಿ ಬೆಳಕು,
ಮೇಲೆ ಉಸಿರು ಬಿಡದೆ ಕೀಚುವ ಒಂದು ರಾಗ.
ತರಗತಿಯಲ್ಲಿ ಪಕ್ಕ ಸುಮ್ಮನೆ ಕೂರುತ್ತಿದ್ದ ಗೆಳತಿ
ಬ್ಯಾಂಡು ಬಾರಿಸಿಕೊಂಡು ಮದುಮಗಳಾಗಿ ಎದುರಾದಂತೆ
ನಾಚಿಕೆಯಾಯಿತು ನನಗೆ.

ಓಣಿಗಳ ಲೆಕ್ಕ ಮರೆತಿತ್ತು, ಬೆರಳಿಗೆ ಮರೆತಿರಲಿಲ್ಲ.
ಎರಡು ಜೀವ ತೆತ್ತು ಒಂಬತ್ತಕ್ಕೆ ಬಂದೆ.
ಕಿಡಿ ನೀಲಿ.
ನೀಲಿ. ನೀರು ಅದು, ಸೋರುವ ಸೂರಿನ ನೀರು.
ಹೌದಲ್ಲ, ದೀಪ ಹಚ್ಚುವವನಿಗೆ ಬೆಂಕಿಯ ಭಯವೇಕೆ?
ಇಷ್ಟು ವರ್ಷ ತಪ್ಪು ಭಯವನ್ನು
ಸರಿಯಾದ ಲೆಕ್ಕದಲ್ಲಿ ದಾಟಿದ್ದೆ.

"ಬಣ್ಣ ಇತ್ತೇನ ಇದಕ್ಕ?" ಎಂದಳು ಅಮ್ಮ.
ಅವಳು ಪರದೆ ನೋಡಿದ್ದೇ ಇವತ್ತು.
"ವರ್ಷಕ್ಕ ನಲವತ್ತ ಪೌಂಡ ಉಳಸಿದ್ನೆಲ್ಲ, ಹೋಗ್ಲಿ ಬಿಡು."
ನಗುತ್ತಿದ್ದಾಗಲೇ ಮೂರನೆಯದೂ ಹೋಯಿತು.
ಹಿಂದೆ ನಿಂತ ಹುಡುಗ ತನ್ನ ಸರದಿಗೆಂದು ಕೆಮ್ಮಿದ.

ಏಳಬೇಕು. ಆದರೆ ಅಮ್ಮ ಬಗ್ಗಿ
ಯಂತ್ರದ ಬೆನ್ನಿಗೆ ಕೈಹಾಕಿ ತಡಕುತ್ತಿದ್ದಾಳೆ,
ಗಂಟುಗಟ್ಟಿದ ಅವವೇ ಎರಡು ಬೆರಳು.
ಅಲ್ಲಿ ವೈರಿಲ್ಲ. ಟೇಪೂ ಇಲ್ಲ,
ಈಗ ಎಲ್ಲ ಉಗುರಿನಷ್ಟು ಚಿಪ್ಪಿನಲ್ಲಿದೆ.
ಕೊನೆಗೆ ಮೇಜಿನ ಅಂಚನ್ನೇ ಹಿಡಿದು ನನ್ನ ಕಡೆ ನೋಡಿದಳು.

ಇನ್ನೊಂದೇ ಸಲ, ಎಂದೆ ಹುಡುಗನಿಗೆ.
ಅಮ್ಮ ಎಚ್ಚರವಾಗಿಯೇ ಇದ್ದಳು.
ಆದರೂ ದನಿಯನ್ನು ಸೊನ್ನೆಗೆ ತಿರುಗಿಸಿದೆ.